ಬೀಗರ ನೀರು

ಸಿಡ್ನಿಗೆ ಬಂದ ಮೇಲೂ ನಲ್ಲಿಯ ನೀರನ್ನು ಕುದಿಸಿಯೇ ಕುಡಿಯುವುದು ಯಾರಿಗಾದರೂ ಗೊತ್ತಾದರೆ ಏನು ಗತಿ ಎಂಬುದು ನೇತ್ರಾಳ ಗುಟ್ಟಿನ ಅಳುಕು. ಸಾರ್ವಜನಿಕ ಆರೋಗ್ಯದಲ್ಲಿ ಪದವಿ ಪಡೆದವಳು, ವೆಸ್ಟ್‌ಮೀಡ್ ಸ್ಟೇಷನ್ ಪಕ್ಕದ ಫ್ಲ್ಯಾಟಿನಲ್ಲಿ ಜೊತೆಯವರು ಹೊರಗೆ ಹೋಗುವುದನ್ನೇ ಕಾದು ಕೆಟಲ್ ಹಚ್ಚುತ್ತಿದ್ದಳು. ಇಲ್ಲಿಯ ನೀರಿಗೆ ಏನೂ ಆಗಿಲ್ಲ ಎಂಬುದು ತಲೆಗೆ ಗೊತ್ತು. ಹುಬ್ಬಳ್ಳಿಯಲ್ಲಿ ಬೆಳೆದ ಹೊಟ್ಟೆಗೆ ಗೊತ್ತಿಲ್ಲ. ಇದನ್ನು ಅವಳು ಡೈರಿಗೆ ಬಿಟ್ಟರೆ ಇನ್ನಾರಿಗೂ ಹೇಳಿದವಳಲ್ಲ. ಡೈರಿಗೆ ಹೇಳಿದಷ್ಟು ಸಲೀಸಾಗಿ ಮನುಷ್ಯರಿಗೆ ಹೇಳಲು ಬಂದಿದ್ದರೆ ಎಷ್ಟೋ ಕೆಲಸ ಆಗುತ್ತಿತ್ತು.

ಹಿಂದಿನ ಬೇಸಿಗೆಯಲ್ಲಿ ಮೆಲ್ಬರ್ನಿನ ಪ್ರೊಫೆಸರ್ ಲಕ್ಷ್ಮೀನಾರಾಯಣರ ಸಹಾಯಕಿಯಾಗಿ ಅವಳು ತನ್ನದೇ ಓಣಿಗೆ ಹೋಗಿದ್ದಳು. ವಾರಕ್ಕೊಮ್ಮೆ ನೀರು ಬರುವ ಓಣಿ; ಪೈಪು ಗಟಾರದೊಳಗೇ ಮಲಗಿದೆ. ಬಂದ ನೀರನ್ನು ಬ್ಯಾರಲ್ಲಿಗೆ ತುಂಬಿಟ್ಟು ವಾರವೆಲ್ಲ ಕುಡಿಯುತ್ತಾರೆ. ಮಕ್ಕಳಿಗೆ ಪದೇ ಪದೇ ವಾಂತಿ-ಭೇದಿ ಯಾಕಾಗುತ್ತದೆ ಎಂಬುದು ಅಧ್ಯಯನ. "ನೀವು ಕುಡಿಯೋ ನೀರು ಒಂದು ಬಾಟ್ಲಿ ಕೊಡಿ" ಎಂದು ಪ್ರೊಫೆಸರು ಮನೆಮನೆಯಲ್ಲೂ ಕೇಳಿದರು. ಹೆಂಗಸರು ಒಳಗೆ ಹೋಗಿ, ಫಳಫಳ ಬೆಳಗಿದ ತಂಬಿಗೆಯಲ್ಲಿ ತಂದು ಬಗ್ಗಿಸಿದರು. "ರಿಪೋರ್ಟ್ ಬಂದಮ್ಯಾಲೆ ಪೈಪ್ ಬದಲಾಕ್ಕೈತಿ ಅತ್ತಿ" ಎಂದು ನೇತ್ರಾ ತನ್ನ ಸೋದರತ್ತೆ ಚನ್ನಕ್ಕನಿಗೆ ಮಾತು ಕೊಟ್ಟಿದ್ದಳು. ಚನ್ನಕ್ಕನ ಮೊಮ್ಮಗಳು ಪ್ರತಿ ಮಳೆಗಾಲವೂ ಆಸ್ಪತ್ರೆ ಸೇರಿ ಸಲೈನ್ ಹಾಕಿಸಿಕೊಳ್ಳುವ ಕೂಸು.

ಪರೀಕ್ಷೆಯಲ್ಲಿ ನೀರು ಶುದ್ಧವೆಂದೇ ಬಂತು. ನೇತ್ರಾ ದಂಗಾಗಿ ಫೋನ್ ಹಚ್ಚಿದರೆ ಚನ್ನಕ್ಕ ನಕ್ಕಳು.

"ಶುದ್ಧ ಇರದ ಏನಾಕ್ಕೈತಿ? ಅಷ್ಟು ದೂರದಿಂದ ಬಂದ ಮಂದಿಗೆ ಬ್ಯಾರಲ್ ನೀರು ಕೊಡಾಕ ನಮಗೇನ್ ಹುಚ್ಚಾ? ನೀವು ಬರ್ತೀರಂತ ಓಣ್ಯಾಗ ಎಲ್ಲಾರೂ ಕೂಡಿ ಫಿಲ್ಟರ್ ನೀರಿನ ಕ್ಯಾನ್ ತರಿಸಿದ್ವಿ."

"ದಿನಾ ಅದನ್ನ ಕುಡೀತೀರೇನ್ ಅತ್ತಿ?"

"ನಾವ್ಯಾಕ ಕುಡಿಯೋಣು? ನಾವೇನ್ ಬೀಗರೇನ?"

ನೇತ್ರಾ ಅಂದೇ ಪ್ರೊಫೆಸರಿಗೆ ತಿಳಿಸಿದಳು. "ಒಳ್ಳೆ ಕೆಲಸ ಮಾಡಿದೆಯಮ್ಮ. ಗೊತ್ತಾಗದೆ ಹೋಗಿದ್ರೆ ಮರ್ಯಾದೆ ಹೋಗ್ತಿತ್ತು. ಬೇರೆ ಸ್ಯಾಂಪಲ್ ತರಿಸ್ತೀನಿ, ನೀನು ತಲೆ ಕೆಡಿಸ್ಕೋಬೇಡ" ಎಂದರು. ಅವಳ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವರು ಆ ದೇಶದಲ್ಲಿ ಬೇರೆ ಇರಲಿಲ್ಲ. ತಂದೆಯಂಥವರು ಎಂದು ಡೈರಿಯಲ್ಲಿ ಬರೆದುಕೊಂಡಳು. ಮತ್ತೆ ಬರುತ್ತಾರೆಂದು ಚನ್ನಕ್ಕನಿಗೆ ಹೇಳಿದಳು. ಚನ್ನಕ್ಕ ಓಣಿಗೆಲ್ಲ ಹೇಳಿದಳು. ಓಣಿ ಕಾಯಿತು. ಯಾರೂ ಬರಲಿಲ್ಲ. ಮಳೆಗಾಲ ಬಂತು.

ಒಂದು ಭಾನುವಾರ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ಪ್ರೊಫೆಸರ ಮನೆಯಲ್ಲಿ ಊಟ. ಅಧ್ಯಯನಕ್ಕೆ ದೇಣಿಗೆ ಕೊಟ್ಟ ಕನ್ನಡಿಗರೆಲ್ಲ ಸೇರಿದ್ದರು. ನೇತ್ರಾಳಿಗೂ ಫ್ಲೈಟ್ ಬುಕ್ ಮಾಡಿ ಕರೆಸಿದ್ದರು. ಪ್ರೊಫೆಸರ ಹೆಂಡತಿ ಜಯಲಕ್ಷ್ಮಿ ಅವಳ ಕೈಗೆ ಲೋಟ ಕೊಟ್ಟು, "ನಲ್ಲೀದೇ ಕಣೆ. ಇಲ್ಲಿ ಧೈರ್ಯವಾಗಿ ಕುಡೀಬಹುದು" ಎಂದರು. ಊಟವಾದ ಮೇಲೆ ಟಿವಿಯಲ್ಲಿ ಚಿತ್ರ ಮೂಡಿತು: ಚನ್ನಕ್ಕನ ಕೈ, ಕೈಯಲ್ಲಿ ಆ ಬೆಳಗಿದ ತಂಬಿಗೆ.

"ನೀರಲ್ಲಿ ತೊಂದ್ರೆ ಇಲ್ಲ" ಎಂದರು ಪ್ರೊಫೆಸರು. "ತೊಂದ್ರೆ ಇರೋದು ತಾಯಂದಿರ ಕೈಯಲ್ಲಿ. ತೊಳೆಯೋ ಅಭ್ಯಾಸನೇ ಇಲ್ಲ. ಪೈಪ್ ಬದಲಾಯಿಸೋ ಅಗತ್ಯ ಇಲ್ಲ ಅಂತ ಅಲ್ಲಿಯ ಕಾರ್ಪೊರೇಷನ್‌ಗೂ ಬರೆದಾಯ್ತು. ನಾವು ಮನೆಮನೆಗೆ ಸೋಪು ಹಂಚೋಣ."

"ಹುಬ್ಬಳ್ಳಿ ಮಂದಿ ಸರ. ಸೋಪನ್ನೂ ಮಿರ್ಚಿ ಜೋಡಿ ಹಚ್ಚಿಕೊಂಡು ತಿಂದಾರು" ಎಂದ ಬೆಳಗಾವಿಯ ಎಂಜಿನಿಯರ್ ವಿರುಪಾಕ್ಷ. ಎಲ್ಲರೂ ನಕ್ಕರು.

ನೇತ್ರಾ ಎದ್ದು ಪ್ರೊಫೆಸರ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದಳು. "ಸರ್, ಹೊಸ ಸ್ಯಾಂಪಲ್..."

"ಟೈಮ್ ಇರ್ಲಿಲ್ಲಮ್ಮ" ಎಂದರು ಅವರೂ ಅಷ್ಟೇ ಮೆಲ್ಲಗೆ, ನಗುಮುಖ ಕೆಡಿಸಿಕೊಳ್ಳದೆ. "ಸೋಪಿಂದ ಯಾರಿಗೂ ಕೆಟ್ಟದಾಗಲ್ಲ. ರಿಪೋರ್ಟಲ್ಲಿ ನಿನ್ನ ಹೆಸರೂ ಹಾಕಿದೀನಿ ನೋಡು." ಆಮೇಲೆ ಎಲ್ಲರ ಕಡೆ ತಿರುಗಿ, "ನಮ್ಮ ನೇತ್ರಾ ಆ ಓಣಿಯವಳೇ. ಇದನ್ನೆಲ್ಲ ಕನ್ಫರ್ಮ್ ಮಾಡಿದ್ದೂ ಅವಳೇ."

ಮರೆತಿರಬೇಕು ಎಂದು ಇಷ್ಟು ದಿನ ಅವರ ಪರವಾಗಿ ಅವಳೇ ವಕಾಲತ್ತು ನಡೆಸಿದ್ದಳು. ಅವರು ಏನನ್ನೂ ಮರೆತಿರಲಿಲ್ಲ. ಇವಳು ಬಾಯಿ ಬಿಡುವವಳಲ್ಲ ಎಂಬುದನ್ನಂತೂ ಚೆನ್ನಾಗಿಯೇ ನೆನಪಿಟ್ಟಿದ್ದರು.

"ಏನಾದ್ರೂ ಸೇರಿಸ್ತೀಯೇನಮ್ಮ?" ಎಂದರು, ಆಗಲೇ ಟಿವಿಯ ವೈರು ಕೀಳಲು ಬಗ್ಗುತ್ತ.

"ಅವಳೆಲ್ಲಿ ಮಾತಾಡ್ತಾಳೆ, ಬಿಡಿ. ಕೇಸರಿಬಾತ್ ತಣ್ಣಗಾಗತ್ತೆ, ಏಳಿ ಎಲ್ಲ" ಎಂದರು ಜಯಲಕ್ಷ್ಮಿ.

ನೇತ್ರಾ ಕೈಯಲ್ಲಿನ ಲೋಟವನ್ನು ಕೆಳಗಿಟ್ಟಳು. ಬಾಯಿಗೆ ಬಂದದ್ದು ಆ ಮನೆಯಲ್ಲಿ ಅವಳು ಕಷ್ಟಪಟ್ಟು ಆಡುತ್ತಿದ್ದ ಬೆಂಗಳೂರಿನ ಮಾತಲ್ಲ, ಓಣಿಯ ಮಾತು.

"ಅದು ಅವ್ರು ಕುಡಿಯೋ ನೀರಲ್ಲರೀ. ನಮಗಂತ ತರಿಸಿದ್ದ ನೀರು. ಸರ್‌ಗೆ ಗೊತ್ತೈತಿ. ನಾನೇ ಹೇಳೀನಿ."