ಫಳಫಳಣ್ಣನ ಮರ ಕಾಯಿ ಕಚ್ಚಿದ ವರ್ಷ

ಮನೆ ಮುಂದೆ ಮಾವಿನ ಮರವಿದೆ. ಮೈತುಂಬಾ ಹೂ ಬಿಡುತ್ತದೆ. ದಾರಿಯಲ್ಲಿ ಹೋಗುವವರು ನಿಂತು, "ಈ ಸಲ ನಿಮಗೆ ಹಣ್ಣೋ ಹಣ್ಣು!" ಎಂದು ಹೇಳಿ ಹೋಗುತ್ತಾರೆ. ಆಮೇಲೆ ನೋಡಿದರೆ ಹೂವೆಲ್ಲ ಉದುರಿ ಬರೀ ಕಡ್ಡಿ ಉಳಿದಿರುತ್ತದೆ. ಹುಡುಕಿದರೂ ಒಂದು ಮಿಡಿ ಸಿಗುವುದಿಲ್ಲ. ಈ ಸಂಕಟ ನಿಮ್ಮ ಮನೆಯಲ್ಲೂ ಇದ್ದರೆ ಸ್ವಲ್ಪ ಹೊತ್ತು ಕೂತು ಕೇಳಿ. ನಮ್ಮ ಬೀದಿಯ ಫಳಫಳಣ್ಣನ ಮನೆಯಲ್ಲಿ ಇದೇ ಆಗಿತ್ತು.

ಫಳಫಳಣ್ಣ ಗಾಡಿ ತೊಳೆಯುವವನು. ಬೀದಿಯ ತಿರುವಿನಲ್ಲಿ ಮನೆ, ಮನೆಯ ಅಂಗಳದಲ್ಲೇ ಅಂಗಡಿ. ಪಂಪು ಶುರು ಮಾಡಿ ಪೈಪು ಹಿಡಿದನೆಂದರೆ ಕೆಸರು ಮೆತ್ತಿದ ಲಾರಿಯೂ ಮದುಮಗನ ಹಾಗೆ ಹೊರಗೆ ಬರುತ್ತದೆ. "ನನ್ನ ಕೈಯಿಂದ ಹೋದ ಗಾಡಿ ಫಳಫಳ ಅನ್ನಬೇಕು" ಎನ್ನುವುದು ಅವನ ಮಾತು. ಹೆಸರು ಹೋಗಿ ಅದೇ ಮಾತು ಅವನಿಗೆ ಅಂಟಿಕೊಂಡಿದೆ. ಅವನಿಗೂ ಅದರ ಬಗ್ಗೆ ಬಹಳ ಹೆಮ್ಮೆ.

ಅವನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಅಂಗಳದ ಮೂಲೆಯಲ್ಲಿ ಅವಳೇ ನೆಟ್ಟು ಬೆಳೆಸಿದ ಕಸಿ ಮಾವಿನ ಮರವಿದೆ. ಅದರ ನೆರಳಿನಲ್ಲಿ ಅವಳ ಹೊಲಿಗೆ ಯಂತ್ರ, ಪಕ್ಕದಲ್ಲಿ ಅಳತೆ ಕೊಡಲು ಬಂದವರು ಕೂರುವ ಬೆಂಚು. ಬಿಸಿಲಿನ ದಿನಗಳಲ್ಲಿ ಹೊಲಿಸುವ ಕೆಲಸ ಇಲ್ಲದವರೂ ಬಂದು ಕೂರುತ್ತಾರೆ. ಕೂತವರು ಸುಮ್ಮನೆ ಎದ್ದು ಹೋಗಲು ನಾಚಿಕೊಂಡು ರವಿಕೆಗೋ ಅಂಗಿಗೋ ಹೇಳಿಯೇ ಹೋಗುತ್ತಾರೆ. "ಈ ಮರವೇ ನನ್ನ ಅಂಗಡಿ" ಎಂದು ಅವಳು ಹೇಳುತ್ತಿದ್ದುದು ಸುಳ್ಳಲ್ಲ.

ಆದರೆ ಮರ ಒಂದು ಸಲವೂ ಕಾಯಿ ಬಿಟ್ಟಿರಲಿಲ್ಲ. ಪ್ರತಿ ವರ್ಷ ಹೂವು ಮಾತ್ರ ಗೊಂಚಲು ಗೊಂಚಲಾಗಿ ಬರುತ್ತಿತ್ತು. ತೊಳೆಸಲು ಬರುವ ಆಟೋದವನು, "ಅಣ್ಣಾ, ನಿಮ್ಮದು ಮಾವಿನ ಮರಾನೋ, ಮಲ್ಲಿಗೆ ಮರಾನೋ?" ಎಂದು ಕೆಣಕುತ್ತಿದ್ದ. ಫಳಫಳಣ್ಣ ನಗುತ್ತಿದ್ದ. ಒಳಗೊಳಗೇ ಉರಿದುಕೊಳ್ಳುತ್ತಿದ್ದ. ಕೊನೆಗೆ ಮರ ಕಡಿಯುವವನನ್ನು ಕರೆಸಿಯೇ ಬಿಟ್ಟ. ಅವನು ಬಂದು ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೀಟು ಎಳೆದು ಹೋದ.

"ಇದೊಂದು ಸಲ ನೋಡ್ತೀನಿ ಕಣೇ," ಎಂದ ಹೆಂಡತಿಗೆ. "ಕಾಯಿ ಬಂತೋ ಸರಿ. ಬರ್ಲಿಲ್ವೋ, ಆ ಜಾಗದಲ್ಲಿ ಇನ್ನೊಂದು ಗಾಡಿ ನಿಲ್ಲಿಸೋ ಕಟ್ಟೆ ಕಟ್ಟಿಸ್ತೀನಿ."

"ನಾನೆಲ್ಲಿ ಕೂತು ಹೊಲೀಲಿ?"

"ಒಳಗೆ ಕೂತ್ಕೋ."

"ಒಳಗೆ ಕತ್ತಲೆ. ಸೂಜಿಗೆ ದಾರ ಪೋಣಿಸಕ್ಕೂ ಆಗಲ್ಲ. ಬೆಂಚಿನ ಮೇಲೆ ಕೂರೋರನ್ನ ಅಡಿಗೆಮನೇಲಿ ಕೂರಿಸ್ಲಾ?"

ಫಳಫಳಣ್ಣ ಪಂಪು ಶುರು ಮಾಡಿಬಿಟ್ಟ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ವಾದದಲ್ಲಿ ಸೋಲುವ ಹೊತ್ತಿಗೆ ಅವನು ಪಂಪು ಹಾಕುವುದು ಬೀದಿಗೆಲ್ಲ ಗೊತ್ತು. ಹೆಂಡತಿ ಹಳೆಯ ಟವೆಲ್ ತಂದು ಆ ಕೆಂಪು ಗೀಟು ಕಾಣದ ಹಾಗೆ ಕಾಂಡಕ್ಕೆ ಸುತ್ತಿ ಕಟ್ಟಿದಳು.

ಆ ವರ್ಷವೂ ಮರ ಹೂ ಬಿಡತೊಡಗಿತು. ಅದೇ ಹೊತ್ತಿಗೆ ಫಳಫಳಣ್ಣನ ತಂಗಿಗೆ ನಮ್ಮ ಊರಿನ ಹತ್ತಿರದ ಸಸಿ ತೋಟಕ್ಕೆ ವರ್ಗವಾಯಿತು. ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದು, ಜನರಿಗೆ ಗಿಡ ಸಾಕುವುದನ್ನು ಹೇಳಿಕೊಡುವುದು ಅವಳ ಕೆಲಸ. ಈ ಮರದ ಸಸಿಯನ್ನು ಕೊಟ್ಟವಳೂ ಅವಳೇ. ಇಷ್ಟು ವರ್ಷ ದೂರವಿದ್ದುದರಿಂದ ಹೂವಿನ ಕಾಲದಲ್ಲಿ ಬಂದಿರಲಿಲ್ಲ. ಒಂದು ದಿನ ಬೆಳಿಗ್ಗೆ ಸ್ಕೂಟರ್ ತೊಳೆಸಲು ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು.

ಅಣ್ಣ ಪೈಪು ಎತ್ತಿ ಹಿಡಿದು ಮರ ತೊಳೆಯುತ್ತಿದ್ದ. ಕೆಳಗಿನ ಕೊಂಬೆ, ಮೇಲಿನ ಕೊಂಬೆ, ಗೊಂಚಲು ಗೊಂಚಲಿಗೂ ನೀರು ಬಿಟ್ಟು, ಕತ್ತು ಓರೆ ಮಾಡಿ ನೋಡಿ, ಮತ್ತೆ ಬಿಡುತ್ತಿದ್ದ. ಅತ್ತಿಗೆ ಇನ್ನೊಂದು ಪಕ್ಕದಲ್ಲಿ ನಿಂತು ನೊಣ ಸಾಯಿಸುವ ಔಷಧಿಯನ್ನು ಹೂವಿನ ಮೇಲೆ ಪುಸ್ ಪುಸ್ ಎಂದು ಹೊಡೆಯುತ್ತಿದ್ದಳು.

"ಅಣ್ಣಾ! ಏನ್ ಮಾಡ್ತಿದೀಯಾ?"

"ಬಾ ಪುಟ್ಟಿ, ಬಾ. ಧೂಳು ನೋಡು, ಹೂವಿನ ತುಂಬಾ. ಗಾಡಿ ತೊಳೆಯೋನ ಮನೆ ಮರ ಹೀಗಿದ್ರೆ ಜನ ಏನಂತಾರೆ? ಹೂವು ಬಿಟ್ಟಾಗಿಂದ ದಿನಾ ತೊಳೀತೀನಿ. ಪ್ರತಿ ವರ್ಷಾನೂ ಅಷ್ಟೇ."

"ಪ್ರತಿ ವರ್ಷಾನೂ?"

"ಹೂಂ. ಒಂದು ದಿನಾನೂ ತಪ್ಪಿಸಿಲ್ಲ," ಎಂದು ಎದೆಯುಬ್ಬಿಸಿದ.

ತಂಗಿ ತಲೆಯ ಮೇಲೆ ಕೈಯಿಟ್ಟುಕೊಂಡು ಬೆಂಚಿನ ಮೇಲೆ ಕುಸಿದಳು. "ಅತ್ತಿಗೆ, ನೀವೂನಾ?"

"ನಾನೇನ್ ಮಾಡ್ಲೇ? ಹೂವು ಅರಳಿದ ಕೂಡಲೇ ನೊಣ ಮುತ್ತುತ್ತೆ. ಹೊಲಿದಿಟ್ಟ ಬಿಳಿ ಬಟ್ಟೆ ಮೇಲೆ ಬಂದು ಕೂರುತ್ತೆ."

ತಂಗಿ ಎದ್ದಳು. ಗಾಡಿ ಒರೆಸುವ ದೊಡ್ಡ ಕಪ್ಪು ಬಟ್ಟೆಯೊಂದನ್ನು ಮರದ ಕೆಳಗೆ ಹಾಸಿದಳು. "ಈಗ ತೊಳಿ ಅಣ್ಣಾ, ದಿನಾ ತೊಳೆಯೋ ಹಾಗೇ ತೊಳಿ" ಎಂದಳು. ಅಣ್ಣ ಒಂದು ಕೊಂಬೆ ತೊಳೆದ. ಬಟ್ಟೆಯ ಮೇಲೆ ಸಣ್ಣ ಸಣ್ಣ ಹೂವು ರಾಶಿ ಬಿತ್ತು. ಕಪ್ಪು ಬಟ್ಟೆ ಅರ್ಧ ಮುಚ್ಚಿಹೋಯಿತು.

"ನೀನು ಧೂಳಿನ ಜೊತೆ ಕಾಯೀನೂ ತೊಳೆದು ಚರಂಡಿಗೆ ಬಿಡ್ತಿದೀಯಾ."

"ಹೋಗೇ. ಹೂವು ಹೇಗಿದ್ರೂ ಉದುರೋದೇ ತಾನೆ?"

"ಉದುರುತ್ತೆ, ಆದ್ರೆ ಕಾಯಿ ಕಚ್ಚಿದ ಮೇಲೆ ಉದುರಬೇಕು. ಇಲ್ಲಿ ನೋಡು." ಅವಳು ಒಂದು ಗೊಂಚಲನ್ನು ಬಗ್ಗಿಸಿ ಹಿಡಿದಳು. "ಇದರಲ್ಲಿ ಎಷ್ಟೊಂದು ಹೂವಿದೆ. ತುಂಬಾ ಹೂವು ಬರೀ ಗಂಡು. ಅದು ಕಾಯಾಗಲ್ಲ. ಕೆಲವು ಹೂವಿನ ನಡುವೆ ಮಾತ್ರ ಈ ಹಸಿರು ಗುಂಡು ಇದೆಯಲ್ಲ, ಅದೇ ಮುಂದೆ ಮಾವಿನಕಾಯಿ. ಬೇರೆ ಹೂವಿನ ಪರಾಗ, ಅಂದ್ರೆ ಹೂವಿನ ಪುಡಿ, ಬಂದು ಇದಕ್ಕೆ ತಾಗಬೇಕು. ಪುಡಿ ಅಂಟಂಟು, ಗಾಳಿಗೆ ಹಾರಲ್ಲ. ಯಾರಾದ್ರೂ ಹೊತ್ತು ತರಬೇಕು."

"ಯಾರು ತರ್ತಾರೆ?"

"ಅತ್ತಿಗೆ ಈಗ ಸಾಯಿಸಿದ್ರಲ್ಲ, ಅವರೇ."

ಅತ್ತಿಗೆ ಕೈಯಲ್ಲಿದ್ದ ಡಬ್ಬಿಯನ್ನು ನೋಡಿಕೊಂಡು ಮೆಲ್ಲಗೆ ಬೆನ್ನ ಹಿಂದೆ ಹಿಡಿದಳು.

"ನೊಣಾನಾ?" ಫಳಫಳಣ್ಣ ಹೊಟ್ಟೆ ಹಿಡಿದು ನಕ್ಕ. "ಜೇನು ಅಂದಿದ್ರೆ ನಂಬ್ತಿದ್ದೆ. ನೊಣ ಬಂದು ಮಾವಿನಹಣ್ಣು ಕೊಡುತ್ತಾ? ಪುಟ್ಟಿ, ನಿನಗೆ ಜಡೆ ಹಾಕಿ ಶಾಲೆಗೆ ಕಳಿಸಿದೋನು ನಾನು. ನನ್ ಹತ್ರಾನೇ ಕಾಗೆ ಹಾರಿಸ್ಬೇಡ."

"ಜೇನೂ ಬರುತ್ತೆ, ಆದ್ರೆ ಮಾವಿಗೆ ನೊಣದ ಕೆಲಸಾನೇ ಹೆಚ್ಚು. ಮನೆ ನೊಣ, ಹಸಿರು ನೊಣ, ಹೂವಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯೋ ಸಣ್ಣ ನೊಣ, ಎಲ್ಲಾ ಬರುತ್ತೆ. ಅಡಿಗೆಮನೇಲಿ ನೊಣ ಬಂದ್ರೆ ಓಡಿಸು, ನಾನು ಬೇಡ ಅನ್ನಲ್ಲ. ಹೂಬಿಟ್ಟ ಮರದಿಂದ ಓಡಿಸ್ಬೇಡ. ಇನ್ನೊಂದು ಮಾತು. ಹೂವು ಯಾವಾಗಲೂ ಒದ್ದೆ ಇದ್ರೆ ರೋಗ ಬಂದು ಗೊಂಚಲು ಕಪ್ಪಾಗುತ್ತೆ. ಹಾಗೆ ಬಂದ್ರೂ ಹೂವು ಅರಳಿರೋವಾಗ ಕಂಡ ಕಂಡ ಔಷಧಿ ಹೊಡೆಯೋ ಹಾಗಿಲ್ಲ. ತಿಳಿದೋರನ್ನ ಕೇಳಿ, ಮೊಗ್ಗು ಅರಳೋ ಮುಂಚೆ ಅಥವಾ ಮಿಡಿ ಕಟ್ಟಿದ ಮೇಲೆ ಹೊಡೀಬೇಕು."

ಫಳಫಳಣ್ಣ ಪಂಪಿನ ಕಡೆ ನಡೆದ. ಹೆಂಡತಿ ಅವನಿಗಿಂತ ಮುಂಚೆ ಹೋಗಿ ಸ್ವಿಚ್ಚಿಗೆ ಅಡ್ಡ ನಿಂತಳು.

"ಇವತ್ತು ಪಂಪು ಹಾಕೋ ಹಾಗಿಲ್ಲ. ಮರ ಕಡೀತೀನಿ ಅಂತ ಮಾತಾಡಿದೋರು ನೀವು. ಕಡಿಯೋ ಮುಂಚೆ ಅದಕ್ಕೊಂದು ಅವಕಾಶ ಕೊಡಿ. ಅರ್ಧ ಮರ ನಿಮ್ಮದು, ತೊಳ್ಕೊಳ್ಳಿ. ಅರ್ಧ ಮರ ನನ್ನದು, ಅದಕ್ಕೆ ನೀರೂ ಬೇಡ, ಔಷಧೀನೂ ಬೇಡ. ನೋಡೇ ಬಿಡೋಣ."

ಅಂಗಳದಲ್ಲಿ ಪಂಪು ಇಲ್ಲದೆ ವಾದ ಮಾಡಿ ಫಳಫಳಣ್ಣನಿಗೆ ಅಭ್ಯಾಸವಿರಲಿಲ್ಲ. ಒಪ್ಪಿಕೊಂಡ. ಹೆಂಡತಿ ಹಳದಿ ಬಟ್ಟೆಯ ಪಟ್ಟಿಗಳನ್ನು ಕತ್ತರಿಸಿ ತನ್ನ ಪಾಲಿನ ಕೊಂಬೆಗಳಿಗೆ ಕಟ್ಟಿದಳು. ಔಷಧಿಯ ಡಬ್ಬಿ ಅಟ್ಟ ಸೇರಿತು. ಹೊಲಿದ ಬಟ್ಟೆಗಳಿಗೆ ಅವಳೇ ಒಂದು ದೊಡ್ಡ ಮುಸುಕು ಹೊಲಿದು ಹೊದಿಸಿದಳು.

ಆ ದಿನಗಳಲ್ಲಿ ಫಳಫಳಣ್ಣ ಪಟ್ಟ ಪಾಡು ನೋಡಬೇಕಿತ್ತು. ಅರ್ಧ ಮರ ಮಿರಮಿರ ಮಿಂಚುತ್ತಿತ್ತು. ಇನ್ನರ್ಧ ಧೂಳು ಹಿಡಿದು, ನೊಣ ಮುತ್ತಿ ಗುಂಯ್ ಎನ್ನುತ್ತಾ ನಿಂತಿತ್ತು. ಆಟೋದವನು ಬಂದು ನೋಡಿ, "ಏನಣ್ಣಾ, ಒಂದು ಕೆನ್ನೆ ಮಾತ್ರ ಗಡ್ಡ ಬೋಳಿಸ್ಕೊಂಡು ಎದ್ದು ಬಂದ ಹಾಗಿದೆ?" ಎಂದ. ಫಳಫಳಣ್ಣನ ಕೈ ಪೈಪಿನ ಕಡೆ ಹೋಗುವುದು, ಹೆಂಡತಿ ಯಂತ್ರ ನಿಲ್ಲಿಸಿ ಒಮ್ಮೆ ಕೆಮ್ಮುವುದು, ಕೈ ಹಿಂದೆ ಬರುವುದು, ಇದೇ ನಡೆದಿತ್ತು.

ಹೂವಿನ ಕಾಲ ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ ಬೀದಿಗೆಲ್ಲ ಕೇಳುವ ಹಾಗೆ ಫಳಫಳಣ್ಣ ಕೂಗಿದ. "ಲೇ! ಬಾರೇ ಇಲ್ಲಿ! ಬೇಗ ಬಾರೇ!"

ನಾವೆಲ್ಲ ಯಾರೋ ಬಿದ್ದರೆಂದು ಓಡಿದೆವು. ಅವನು ಬೆಂಚಿನ ಮೇಲೆ ಹತ್ತಿ ನಿಂತು ಹಳದಿ ಪಟ್ಟಿಯ ಕೊಂಬೆಯನ್ನು ಹಿಡಿದುಕೊಂಡಿದ್ದ. ಒಣಗಿದ ಹೂವಿನ ನಡುವೆ ಬಟಾಣಿ ಕಾಳಿನಷ್ಟು ದಪ್ಪದ ಹಸಿರು ಮಿಡಿ. ಒಂದಲ್ಲ, ಗೊಂಚಲು ಗೊಂಚಲಿನಲ್ಲೂ ಇತ್ತು. ತೊಳೆದ ಕಡೆ ಅವನೇ ಹೋಗಿ ಹುಡುಕಿದ. ಬರೀ ಕಡ್ಡಿ. ಅವನು ಬೆಂಚಿನಿಂದ ಇಳಿದು ಹೆಂಡತಿಯ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನೀನು ಗೆದ್ದೆ ಕಣೇ," ಎಂದ. "ನಾನು ಸೋತೆ. ನನಗೆ ಎಷ್ಟು ಖುಷಿ ಆಗ್ತಿದೆ ಅಂದ್ರೆ, ಸೋತಿದ್ದೇ ಮರೆತುಹೋಯ್ತು."

ಕೆಲವು ದಿನಗಳಲ್ಲಿ ಮಿಡಿಗಳು ಉದುರತೊಡಗಿದವು. ಫಳಫಳಣ್ಣ ಉದುರಿದ್ದನ್ನೆಲ್ಲ ಅಂಗೈಯಲ್ಲಿ ಹಿಡಿದುಕೊಂಡು ಸಸಿ ತೋಟಕ್ಕೇ ಓಡಿದ.

"ಪುಟ್ಟಿ, ನನ್ನ ದೃಷ್ಟೀನೇ ತಾಗಿತೋ ಏನೋ!"

"ಯಾರ ದೃಷ್ಟೀನೂ ಅಲ್ಲ ಅಣ್ಣಾ. ಕಟ್ಟಿದ ಮಿಡಿಯನ್ನೆಲ್ಲ ಮರ ಸಾಕಕ್ಕಾಗಲ್ಲ. ಹೆಚ್ಚಾದದ್ದನ್ನ ಅದೇ ಬಿಡುತ್ತೆ. ಗೊಂಚಲಿಗೆ ಒಂದು ಉಳಿದ್ರೂ ದೊಡ್ಡದು. ಈಗ ನೀರು ಕೊಡು. ಹೂವಿಗಲ್ಲ, ಬುಡಕ್ಕೆ. ಮಣ್ಣು ಪೂರ್ತಿ ಒಣಗಕ್ಕೆ ಬಿಡಬೇಡ. ಕಾಂಡದಿಂದ ದೂರ, ಕೊಂಬೆಯ ನೆರಳು ಬೀಳೋ ಸುತ್ತ ಕೊಡು. ಗಾಡಿ ತೊಳೆದ ಸೋಪು ನೀರು ಮಾತ್ರ ಅತ್ತ ಹರೀಬಾರದು."

ಮಾರನೆಯ ದಿನವೇ ಫಳಫಳಣ್ಣ ಸೋಪು ನೀರಿನ ಚರಂಡಿಯನ್ನು ಬೇರೆ ಕಡೆಗೆ ತಿರುಗಿಸಿದ. ಬಿಂದಿಗೆಯಲ್ಲಿ ಒಳ್ಳೆಯ ನೀರು ಹೊತ್ತು ಬುಡಕ್ಕೆ ಹಾಕಿದ. ಲಾರಿಯವನು ಹಾರ್ನ್ ಹೊಡೆದರೂ, "ಇರಪ್ಪಾ, ನಮ್ಮ ಮರ ನೀರು ಕುಡೀತಿದೆ" ಎನ್ನುತ್ತಿದ್ದ.

ಕಾಯಿ ಬಲಿತವು. ಕೊಯ್ಯುವ ದಿನ ಬೆಂಚಿನ ಸುತ್ತ ಅರ್ಧ ಬೀದಿಯೇ ನಿಂತಿತ್ತು. ತಂಗಿ ಸ್ವಲ್ಪ ತೊಟ್ಟು ಉಳಿಸಿ ಕತ್ತರಿಸಿ, ಆಮೇಲೆ ಆ ತೊಟ್ಟು ಮುರಿದು, ಸೊನೆ ಇಳಿಯಲು ಕಾಯಿಗಳನ್ನು ತಲೆಕೆಳಗಾಗಿ ಹಿಡಿದಳು. ಸೊನೆ ಎಂದರೆ ತೊಟ್ಟಿನಿಂದ ಜಿನುಗುವ ಅಂಟು ಹಾಲು. ಕಾಯಿಗೆ ಮೆತ್ತಿದರೆ ಕಪ್ಪು ಕಲೆ, ಕೈಗೆ ತಾಗಿದರೆ ಉರಿ.

"ಅಣ್ಣಾ," ಎಂದಳು. "ಇದನ್ನ ಚೆನ್ನಾಗಿ ತೊಳೀಬೇಕಲ್ಲ. ಯಾರಿಗಾದ್ರೂ ತೊಳೆಯಕ್ಕೆ ಬರುತ್ತಾ?"

ಎಲ್ಲರೂ ನಕ್ಕರು. ಫಳಫಳಣ್ಣ ನಗಲಿಲ್ಲ. ತೋಳು ಮಡಿಸಿ ಬಕೆಟ್ಟಿನ ಮುಂದೆ ಕೂತ. ಒಂದೊಂದೇ ಕಾಯಿಯನ್ನು ಎಳೆಗೂಸಿಗೆ ನೀರು ಹಾಕುವ ಹಾಗೆ ತೊಳೆದು, ಒರೆಸಿ, ಬಟ್ಟೆಯ ಮೇಲೆ ಇಟ್ಟ. ಬೆಂಚಿನ ಮೇಲೆ ಫಳಫಳ ಹೊಳೆಯುವ ಸಾಲು. ಆಟೋದವನಿಗೂ ಕಾಯಿ ಕೊಟ್ಟ. "ತಗೋ, ಮಲ್ಲಿಗೆ ಹೂವು" ಎಂದ.

ಎಲ್ಲರೂ ಹೋದ ಮೇಲೆ ಅವನು ಟೈರ್ ಉಜ್ಜುವ ಬ್ರಷ್ಷು ಹಿಡಿದು ಮರದ ಬಳಿ ಹೋದ. ಕಾಂಡಕ್ಕೆ ಕಟ್ಟಿದ್ದ ಹಳೆಯ ಟವೆಲ್ ಬಿಚ್ಚಿದ. ಕೆಂಪು ಗೀಟು ಹಾಗೇ ಇತ್ತು. ಮಂಡಿಯೂರಿ ಕೂತು ಉಜ್ಜತೊಡಗಿದ. ತೊಗಟೆಗೆ ನೋವಾಗಬಾರದು ಎನ್ನುವಂತೆ ಮೆಲ್ಲಗೆ ಉಜ್ಜುತ್ತಿದ್ದ.

"ಏನ್ರೀ ಮಾಡ್ತಿದೀರಾ?" ಹೆಂಡತಿ ಯಂತ್ರದಿಂದ ತಲೆಯೆತ್ತಿ ಕೇಳಿದಳು.

"ಕೊಳೆ ಕಣೇ. ಇಷ್ಟು ದಿನ ತೊಳೆದೆ, ಇದೊಂದನ್ನ ಬಿಟ್ಟುಬಿಟ್ಟಿದ್ದೆ."

ಈಗ ಅವನ ಅಂಗಡಿಗೆ ಹೋಗಿ ನೋಡಿ. ಗಾಡಿ ಒದ್ದೆಯಾಗುವ ಮುಂಚೆ ನಿಮಗೆ ಮಾವಿನ ಹೂವಿನ ಪಾಠ ಆಗಿರುತ್ತದೆ. ನಮ್ಮ ಬೀದಿಯಲ್ಲಿ ಹೂಬಿಟ್ಟ ಮರಕ್ಕೆ ಯಾರಾದರೂ ಪೈಪು ಎತ್ತಿದರೆ ಅವನು ಅರ್ಧ ತೊಳೆದ ಗಾಡಿ ಬಿಟ್ಟು ಓಡಿಹೋಗುತ್ತಾನೆ. ಹೆಮ್ಮೆಯಿಂದ ಹೇಳುತ್ತೇನೆ, ಈಗ ನಮ್ಮ ಬೀದಿಯಲ್ಲಿ ಬರೀ ಹೂವಿನ ಮಾವಿನ ಮರ ಒಂದೂ ಇಲ್ಲ.

ಅಕ್ಕ, ಅಣ್ಣ, ನಿಮ್ಮ ಮನೆಯ ಮರವೂ ಈ ಸಲ ಹೂ ಬಿಡುತ್ತದೆ. ಆಗ ಹೂವಿಗೆ ನೀರು ಹಾರಿಸಬೇಡಿ, ಔಷಧಿ ಹೊಡೆಯಬೇಡಿ. ನೊಣವನ್ನೂ ಜೇನನ್ನೂ ಅವುಗಳ ಪಾಡಿಗೆ ಬಿಡಿ. ಮಿಡಿ ಕಟ್ಟಿದ ಮೇಲೆ ಬುಡಕ್ಕೆ ನೀರು ಕೊಡಿ. ರೋಗ ಕಂಡರೆ ಹತ್ತಿರದ ಸಸಿ ತೋಟದವರನ್ನೋ ತೋಟಗಾರಿಕೆಯವರನ್ನೋ ಕೇಳಿ. ಮರ ಕಡಿಯುವ ಮಾತಾಡುವ ಮುಂಚೆ ಅದನ್ನು ಒಂದು ಹೂವಿನ ಕಾಲ ಸುಮ್ಮನೆ ಬಿಟ್ಟು ನೋಡಿ. ತೊಳೆಯಲೇಬೇಕು ಎಂದು ಕೈ ತುರಿಸಿದರೆ ಸ್ವಲ್ಪ ತಡೆದುಕೊಳ್ಳಿ. ತೊಳೆಯಲು ಬುಟ್ಟಿ ತುಂಬಾ ಕಾಯಿ ಬರುತ್ತವೆ.