ಪೆಟ್ಟಿಗೆಯೊಳಗಿನ ಏಟು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ನಿಟ್ಟೂರಿನ ಹೊರಗಿನ ಕಣದಲ್ಲಿ ಚಿಕ್ಕಬೀರಯ್ಯ ಹೊತ್ತೇರುವ ಮೊದಲೇ ರೋಣಗಲ್ಲು ಕಟ್ಟಿ, ರಾಗಿತೆನೆಯ ಮೇಲೆ ಎತ್ತುಗಳನ್ನು ಸುತ್ತಿಸುತ್ತಿದ್ದ. ಹೆಂಡತಿ ರೇವಮ್ಮ ಹುಲ್ಲು ಕೊಡವುತ್ತಿದ್ದಳು. ಆಗ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದವನು ಅವಳ ಅಣ್ಣ ದ್ಯಾವಪ್ಪ, ತುಮಕೂರಿನ ಸದಾಶಿವನಗರದಲ್ಲಿ ಆರ್ಕೆಸ್ಟ್ರಾ ನಡೆಸುವವನು. ಕಂಕುಳಲ್ಲಿ ಮಕ್ಕಳಾಟಿಕೆಯಂಥ ಪುಟ್ಟ ಕೀಬೋರ್ಡು.

ಅದನ್ನು ಕಂಡದ್ದೇ ಚಿಕ್ಕಬೀರಯ್ಯನ ಮೈ ಉರಿಯಿತು. ಹೋದ ದೀಪಾವಳಿಯಲ್ಲಿ, ಸುಮ್ಮನೆ ಪರೀಕ್ಷೆಗೆ ಎಂದು, ದ್ಯಾವಪ್ಪ ಅವನ ಡೊಳ್ಳಿನ ಒಂದೇ ಒಂದು ಏಟನ್ನು ಆ ಪೆಟ್ಟಿಗೆಗೆ ತುಂಬಿಕೊಂಡು ಹೋಗಿದ್ದ. ಅಲ್ಲಿಂದಾಚೆಗೆ ಚಿಕ್ಕಬೀರಯ್ಯನಿಗೆ ಆರ್ಕೆಸ್ಟ್ರಾದ ಯಾವ ಪ್ರೋಗ್ರಾಮಿಗೂ ಕರೆ ಬರಲಿಲ್ಲ. ಬೆರಳಿಟ್ಟರೆ ಡೊಳ್ಳು ಬರುವಾಗ ಡೊಳ್ಳಿನವನು ಯಾರಿಗೆ ಬೇಕು?

"ಚಪ್ಪಲಿ ಬಿಟ್ಟು ಕಣ ತುಳೀರಿ, ಭಾವ."

ದ್ಯಾವಪ್ಪ ಬಿಟ್ಟ. "ಕುಣಿಗಲ್ ಪ್ರೋಗ್ರಾಮಲ್ಲಿ ಮಾನ ಹೋಯ್ತು ಕಣೋ. ಪೆಟ್ಟಿಗೇಲಿರೋ ನಿನ್ನ ಏಟು ಬಿದ್ಮೇಲೆ ಮರಳು ಉದುರ್ದಂಗೆ ಜರ್ ಅಂತದೆ."

"ನಕ್ಕರಂತೆ," ಎಂದಳು ರೇವಮ್ಮ. "ಅಮೃತೂರಿನ ಬಸ್ಸಲ್ಲೇ ಸುದ್ದಿ ಬಂತು, ನಿನಗಿಂತ ಮುಂಚೆ."

"ಈ ಪೆಟ್ಟಿಗೆ ಸದ್ದನ್ನ ಸಣ್ಣಗೆ ಹೆಚ್ಚಿ, ಒಂದೊಂದು ಚೂರನ್ನೂ ಅಳೆದು ಇಟ್ಕತದೆ. ಅಳೆಯೋಕೆ ಇರೋ ಮೆಟ್ಲು ಇನ್ನೂರೈವತ್ತಾರೇ. ಅವತ್ತು ನಿನ್ನ ಗಂಡ ಮೆತ್ತಗೆ ಹೊಡ್ದ, ಸದ್ದು ಕೆಳಗಿನ ನಾಕಾರು ಮೆಟ್ಲಲ್ಲೇ ಉಳ್ಕತು. ಸ್ಪೀಕರಲ್ಲಿ ಏರಿಸಿದ್ರೆ ಆ ಮೆಟ್ಲಿನ ಒರಟೂ ಜೊತೇಲೇ ಏರ್ತದೆ."

"ಮೆತ್ತಗೆ ಹೊಡಿ ಅಂದೋರು ಯಾರು?"

"ನಾನೇ, ಬುಡು. ಹೊಸಾ ಮೈಕು ಹಾಳಾದಾತು ಅಂತ. ಈಗ ಜೋರಾಗಿ ಒಂದು ಕೊಡು. ಹೊಸದು ತುಂಬಿದ್ರೆ ಹಳೇದು ಅಳಿಸಿಹೋಗ್ತದೆ, ಹುಷಾರು. ಮುಂದಿನ ಪ್ರೋಗ್ರಾಮಿಗೆ ನಿನ್ನೂ ಕರ್ಕಂಡ್ ಹೋಗ್ತೀನಿ."

"ಹೋದ್ಸಲಾನೂ ಇದೇ ಮಾತು," ಎಂದ ಚಿಕ್ಕಬೀರಯ್ಯ.

ಅವನು ಎತ್ತು ನಿಲ್ಲಿಸಿದ. ಡೊಳ್ಳು ತಂದ. ಹುಲ್ಲಿಗೆ ಬೆಂಕಿ ಹಾಕಿ, ಚಳಿಗೆ ಸಡಿಲಾಗಿದ್ದ ಚರ್ಮವನ್ನು ಎರಡೂ ಕಡೆ ಕಾಯಿಸಿದ. ದ್ಯಾವಪ್ಪ ಗಡಿಯಾರ ನೋಡಿಕೊಂಡ. ಕಾಯಿಸುವುದು ಮುಗಿಯುವವರೆಗೂ ಕಾಯಲೇಬೇಕಾಯಿತು. ಆಮೇಲೆ ಡೊಳ್ಳು ಹೆಗಲಿಗೇರಿತು.

"ಗುಂಡಿ ಒತ್ಲಾ?" ಎಂದ ದ್ಯಾವಪ್ಪ.

"ಒತ್ತಿ."

ಸದ್ದು ತುಂಬಿಕೊಳ್ಳುವ ಕೆಂಪು ದೀಪ ಹತ್ತಿತು. ಚಿಕ್ಕಬೀರಯ್ಯ ಕೋಲೆತ್ತಿದ, ಎತ್ತಿದ ಕೈಯನ್ನು ಹೊಡೆಯದೆ ಹಾಗೆಯೇ ಹಿಡಿದ. ಎತ್ತೊಂದು ಮೂಗರಳಿಸಿ ಬುಸುಗುಟ್ಟಿತು. ದೀಪ ಆರಿತು.

ದ್ಯಾವಪ್ಪ ಕೀಲಿ ಒತ್ತಿದ. ಡೊಳ್ಳು ಬರಲಿಲ್ಲ. ಬುಸ್ ಎಂದು ಪುಡಿಪುಡಿಯಾದ ಎತ್ತಿನ ಉಸಿರು ಬಂತು. ಮತ್ತೆ ಒತ್ತಿದ, ಅದೇ.

"ಏನ್ಲಾ ಮಾಡ್ದೆ, ಮನೆಹಾಳ?"

"ನಾನೇನೂ ಮಾಡ್ಲಿಲ್ವಲ್ಲ, ಭಾವ. ನನ್ನ ಏಟು ನಿಮ್ಮತ್ರ ಇತ್ತು, ಈಗ ಅಳಿಸಿಹೋಯ್ತು. ಋಣ ಹರೀತು."

ಡೊಳ್ಳನ್ನು ಬಿಸಿಲಿಗಿಟ್ಟು ಚಿಕ್ಕಬೀರಯ್ಯ ಎತ್ತುಗಳ ಕಡೆಗೆ ನಡೆದ. ರೇವಮ್ಮ ಅಣ್ಣನ ಚಪ್ಪಲಿಗಳನ್ನು ಕಾಲಲ್ಲೇ ದಾರಿಯ ಕಡೆಗೆ ತಿರುಗಿಸಿಟ್ಟಳು.