ಆಗ್ನೇಯ ಮೂಲೆಯ ತೂಕ

ಜೀಪಿನ ಹಿಂದೆ ಕಟ್ಟಿ ಎಳೆಯಲು ಪಂಚಾಕ್ಷರಿ ಎರಡು ಚಕ್ರದ ಪುಟ್ಟ ಮನೆಯೊಂದನ್ನು ಮಾಡಿಸಿದ್ದ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಶಿವರಾತ್ರಿಗೆ ಶ್ರೀಶೈಲ ನೋಡಲೇಬೇಕೆಂಬುದು ಅವನ ತಾಯಿ ಶಾಂತವ್ವನ ಆಸೆ. ಮಂಡಿನೋವಿನಿಂದ ಅವಳು ಅಷ್ಟು ದೂರ ಬಸ್ಸಿನಲ್ಲಿ ಕೂರಲಾರಳು. ಸ್ವಂತ ಒಲೆಯ ಅಡುಗೆಯಲ್ಲದೆ ಬೇರೇನನ್ನೂ ಉಣ್ಣಳು.

ವಿಜಯನಗರದಿಂದ ಕೆಂಗೇರಿಗೆ ಒಮ್ಮೆ ಎಳೆದುಕೊಂಡು ಹೋಗಿ ಬರುವಷ್ಟರಲ್ಲೇ ಗಾಡಿಮನೆ ಬಲಕ್ಕೆ ವಾಲಿತು. ಆ ಬದಿಯ ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿ, ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಪಂಚಾಕ್ಷರಿ ಒಳಗೆ ಇಣುಕಿದ. ಒಲೆ, ರುಬ್ಬುವ ಕಲ್ಲು, ನೀರು ತುಂಬಿದ ಡ್ರಮ್ಮು, ಮೂರೂ ಬಲಗಡೆಯ ಮುಂದಿನ ಮೂಲೆಯಲ್ಲಿದ್ದವು. ಮನೆಯ ಮುಂದೆ ಗಾಡಿ ಪೂರ್ವಕ್ಕೆ ಮುಖ ಮಾಡಿ ನಿಂತಾಗ ಅದು ಆಗ್ನೇಯ.

"ಅವ್ವಾ, ಒಲೆ, ಕಲ್ಲು ಎಡಕ್ಕೆ ಹಾಕ್ತೀನಿ. ಇಲ್ದಿದ್ರೆ ಆ್ಯಕ್ಸಲ್ಲೇ ಬಗ್ಗುತ್ತೆ."

"ಆಗ್ನೇಯ ಬಿಟ್ಟು ನಾನು ಒಲೆ ಹಚ್ಚಲ್ಲ ಕಣೋ. ಉಪವಾಸಾನೇ ಕರ್ಕೊಂಡು ಹೋಗು."

"ಗಾಡಿ ದಕ್ಷಿಣಕ್ಕೆ ತಿರುಗಿದ್ರೆ ನಿನ್ನ ಆಗ್ನೇಯ ನೈಋತ್ಯ ಆಗೋಗುತ್ತಲ್ಲವ್ವ!"

"ಓಡೋ ಗಾಡೀಲಿ ಯಾರೋ ಅಡುಗೆ ಮಾಡ್ತಾರೆ? ಬಿಎಸ್ಸಿ ಓದಿದ್ದೀಯಂತೆ!"

ಪಂಚಾಕ್ಷರಿ ಡ್ರಮ್ಮನ್ನು ಅಲುಗಾಡಿಸಿ ನೋಡಿದ. ಮೂರರಲ್ಲಿ ಹೆಚ್ಚು ಭಾರ ನೀರಿನದೇ.

"ನೀರಿಗೆ ಯಾವ ಮೂಲೆ?"

"ಈಶಾನ್ಯ. ಕೈಗೆ ಸಿಗಲಿ ಅಂತ ಒಲೆ ಪಕ್ಕ ತಂದಿಟ್ಟೋನು ನೀನೇ."

ಡ್ರಮ್ಮು ಎಡಗಡೆಯ ಮುಂದಿನ ಮೂಲೆಗೆ ಹೋಯಿತು. ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಗಾಡಿ ಎರಡೂ ಬದಿಗೆ ಸಮವಾಗಿ ನಿಂತಿತು.

ಶ್ರೀಶೈಲದ ದಾರಿಯುದ್ದಕ್ಕೂ ಸ್ಪ್ರಿಂಗ್ ಕೈಕೊಡಲಿಲ್ಲ. ಆದರೆ ಪ್ರತಿ ತಂಗುವ ಜಾಗದಲ್ಲೂ ಪಂಚಾಕ್ಷರಿ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಜೀಪಿನ ಮೂತಿಯನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದ. ಅಲ್ಲಿಯವರೆಗೆ ಶಾಂತವ್ವ ಬೆಂಕಿಪೊಟ್ಟಣ ಹಿಡಿದು ಕಾಯುತ್ತಿದ್ದಳು.